ಎರಡು ಮೈಕಿನ ನಡುವಿನ ಹೊಲ

ಜಾತ್ರೆಯ ದಿನಗಳಲ್ಲಿ ಹಾನಗಲ್ ಸೀಮೆಯ ಯಾವುದಾದರೂ ಹೊಲದ ಬದುವಿನ ಮೇಲೆ ರಾತ್ರಿ ನಿಂತು ನೋಡಿ. ಆಚೆ ಊರಿನ ಬಯಲಾಟ, ಈಚೆ ಊರಿನ ಭಜನೆ ಒಟ್ಟಿಗೇ ಕಿವಿಗೆ ಬೀಳುತ್ತವೆ, ಒಂದೂ ತಿಳಿಯುವುದಿಲ್ಲ. ಇವರು ಮೈಕಿನ ಸೌಂಡು ಏರಿಸಿದರೆ ಅವರೂ ಏರಿಸುತ್ತಾರೆ. ಎರಡು ಟವರುಗಳ ಗಡಿಯಲ್ಲಿ ಸಿಕ್ಕಿಕೊಂಡ ಮೊಬೈಲಿನ ಪಾಡೂ ಇದೇ: ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ವಿಡಿಯೊ ಸುಮ್ಮನೆ ತಿರುಗುತ್ತಿರುತ್ತದೆ.

ಕೂಗು ಏರಿಸುವ ಬದಲು ಬಾಯಿ ಹೆಚ್ಚಿಸುವುದು ಇದಕ್ಕೆ ಸಿಕ್ಕ ಮದ್ದು. ನಮ್ಮ 5ಜಿ ಬಳಸುವ 3.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಅಲೆಯ ಉದ್ದ ಸುಮಾರು ಎಂಟೂವರೆ ಸೆಂ.ಮೀ. ಅದರ ಅರ್ಧದಷ್ಟು ಅಂತರ ಸಾಕಾದ್ದರಿಂದ ಒಂದೇ ಹಲಗೆಯಲ್ಲಿ ಹತ್ತಾರು ಆಂಟೆನಾಗಳು ಕೂರುತ್ತವೆ. ಎಲ್ಲವೂ ಒಂದೇ ಸಂಕೇತವನ್ನು ತುಸು ಹಿಂದುಮುಂದಾಗಿ ಬಿಡುತ್ತವೆ. ಉಬ್ಬಿಗೆ ಉಬ್ಬು ಕೂಡಿದಲ್ಲಿ ಅಲೆ ಬಲಿಯುತ್ತದೆ, ಉಬ್ಬಿಗೆ ತಗ್ಗು ಎದುರಾದಲ್ಲಿ ಅಳಿಯುತ್ತದೆ. ಲೆಕ್ಕ ಕೂಡಿಬಂದರೆ ನಿಮ್ಮ ಫೋನಿದ್ದಲ್ಲಿ ಉಬ್ಬು, ಪಕ್ಕದವರ ಫೋನಿದ್ದಲ್ಲಿ ಮೌನ.

ಕಡಲಾಳದ ಸದ್ದನ್ನು ಹಲವು ಕಿವಿಗಳಿಂದ ಆಲಿಸುವ ಸೋನಾರ್‌ನ ಗಣಿತವೂ ಇದಕ್ಕೆ ಹತ್ತಿರದ್ದೇ. ನೌಕಾಪಡೆಗಾಗಿ ಕೊಚ್ಚಿಯಲ್ಲಿ ಸೋನಾರ್ ಕಟ್ಟಿ, ಆಮೇಲೆ ಬೆಂಗಳೂರಿನ ಪ್ರಯೋಗಾಲಯಗಳನ್ನು ಮುನ್ನಡೆಸಿದ ಆರೋಗ್ಯಸ್ವಾಮಿ ಪೌಲ್‌ರಾಜ್ 1992ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಥಾಮಸ್ ಕೈಲಾತ್ ಜೊತೆ ಬಹು ಆಂಟೆನಾ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 2014ರ ಮಾರ್ಕೋನಿ ಪ್ರಶಸ್ತಿ ಅವರಿಗೆ ಬಂತು.

ಫೋನು ಎಲ್ಲಿದೆಯೆಂದು ಟವರಿಗೆ ಗೊತ್ತಾಗುವುದು ಹೇಗೆ? ಫೋನೇ ಮೊದಲು ಒಂದು ಗುರುತಿನ ಸಂಕೇತ ಕಳಿಸುತ್ತದೆ. ಇದಕ್ಕೆ ಪೈಲಟ್ ಎನ್ನುತ್ತಾರೆ. ಅದು ಯಾವ ಆಂಟೆನಾಕ್ಕೆ ಹೇಗೆ ತಲುಪಿತೆಂದು ನೋಡಿಕೊಂಡು ಟವರು ಅದೇ ಹಾದಿಯಲ್ಲಿ ಉತ್ತರ ಕೊಡುತ್ತದೆ. ತೊಡಕು ಶುರುವಾಗುವುದು ಇಲ್ಲೇ. ಪೈಲಟ್‌ಗಳು ಕೆಲವೇ ಇರುವುದರಿಂದ ಅಕ್ಕಪಕ್ಕದ ಟವರುಗಳ ಫೋನುಗಳು ಒಂದನ್ನೇ ಬಳಸಿಬಿಡುತ್ತವೆ. ಶಾಲೆಯಲ್ಲಿ ಹಾಜರಿ ಕರೆದಾಗ ಒಂದೇ ಹೆಸರಿನ ಇಬ್ಬರು ಒಟ್ಟಿಗೆ ‘ಎಸ್ ಸರ್’ ಅಂದಂತೆ! ಟವರು ಇಬ್ಬರನ್ನೂ ಒಬ್ಬನೆಂದೇ ತಿಳಿದು ಆಚೆಯವನ ಕಡೆಗೂ ಅಲೆ ತಿರುಗಿಸುತ್ತದೆ. ಆಂಟೆನಾ ಎಷ್ಟು ಹೆಚ್ಚಿಸಿದರೂ ಈ ಗೊಂದಲ ತಾನಾಗಿ ಕರಗದೆಂದು 2010ರಲ್ಲಿ ಸಂಶೋಧಕ ಥಾಮಸ್ ಮಾರ್ಜೆಟಾ ತೋರಿಸಿದರು. ನನಗಂತೂ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಮಾತು ಇದೇ.

ಪೈಲಟ್‌ಗಳನ್ನು ಉದ್ದವಾಗಿಸಿ ಹೆಚ್ಚಿಸಬಹುದು. ಆಗ ಮಾತಿಗೆ ಉಳಿಯುವ ಸಮಯ ಕಡಿಮೆ. ಅದಕ್ಕೇ ಹಂಚಿಕೆಯ ಉಪಾಯ. ಶಿಗ್ಗಾವಿಯ ಟವರು ಬಳಸುವ ಪೈಲಟ್ಟನ್ನು ಮಗ್ಗುಲಲ್ಲೇ ಇರುವ ಸವಣೂರಿಗೆ ಕೊಡದೆ, ಹಾನಗಲ್ ದಾಟಿ ದೂರದ ಹಿರೇಕೆರೂರಿಗೆ ಕೊಟ್ಟರಾಯಿತು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಆ ದನಿ ಎಷ್ಟೋ ಸೊರಗಿರುತ್ತದೆ.