ಎತ್ತಿನ ಮೈಯೊಳಗಿನ ತೂಬುಗಳು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಡುವೆ ಮಸ್ಕಿ ಸಿಗುತ್ತದೆ. ಅಲ್ಲಿಯ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದನ್ನು ವಾಚಕರು ಬಲ್ಲರು. 1915ರಲ್ಲಿ ಅದು ಬೆಳಕಿಗೆ ಬಂದ ಬಳಿಕವೇ, ಇತರ ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬ ಮಾತಿಗೆ ಗಟ್ಟಿಯಾದ ಆಧಾರ ದೊರೆಯಿತು. ಒಂದು ಬೇಸಗೆಯಲ್ಲಿ ನನ್ನ ವಿದ್ಯಾರ್ಥಿಗಳೊಡನೆ ಆ ಬಂಡೆಯನ್ನು ನೋಡಿ ಕೆಳಗಿಳಿಯುತ್ತಿದ್ದೆ. ಹೊಲದ ಬದುವಿನಲ್ಲಿ ಒಂದು ಜೋಡಿ ಎತ್ತು ನಡುಮಧ್ಯಾಹ್ನದ ಬಿಸಿಲಿನಲ್ಲಿಯೇ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ನೆರಳಿದ್ದ ಕಡೆ ಓಡುತ್ತಿದ್ದವರು ನಾವು. ಒಕ್ಕಲು ಮನೆತನದ ಹುಡುಗನೊಬ್ಬ ಕೇಳಿದ: “ಸರ್, ಎತ್ತಿನ ಕೊಂಬಿನಾಗೂ ಕಣ್ಣಿನಾಗೂ ಇರೋದು ಒಂದೇ ಬರಹ ಅಂತಾರಲ್ಲ, ಹಂಗಾದ್ರ ಕೊಂಬು ಕಣ್ಣಾಗಂಗಿಲ್ಲ ಯಾಕ?”

ನಾನು ಭೌತಶಾಸ್ತ್ರದ ಅಧ್ಯಾಪಕ. ಸರಿಯಾದ ಉತ್ತರ ಕೊಡಲು ಕೆಲವು ವಾರಗಳ ಓದು ಬೇಕಾಯಿತು. ಆ ಉತ್ತರದ ಒಂದು ಭಾಗವನ್ನು ಇಲ್ಲಿ ನಿವೇದಿಸುತ್ತೇನೆ.

ಪ್ರಾಣಿಯ ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯನ್ನು ಆ ಬಂಡೆಯ ಶಾಸನಕ್ಕೆ ಹೋಲಿಸಬಹುದು. ಅದರ ಲಿಪಿಗೆ ನಾಲ್ಕೇ ಅಕ್ಷರಗಳು. ಹೆರೆಫರ್ಡ್ ತಳಿಯ ಹಸುವೊಂದರ ಈ ಬರಹವನ್ನು ವಿಜ್ಞಾನಿಗಳು ಓದಿ 2009ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು 22,000 ಜೀನುಗಳು, ಅಂದರೆ ಪ್ರೋಟೀನುಗಳನ್ನು ಕಟ್ಟುವ ಅಪ್ಪಣೆಗಳು, ಇವೆಯೆಂದು ಅಂದಾಜಾಯಿತು. ಬಂಡೆ ಕದಲುವುದಿಲ್ಲ. ಬೇಕಾದ ಅಪ್ಪಣೆಯ ಪ್ರತಿಯನ್ನು ಮಾತ್ರ ತೆಗೆದು ಕೇಂದ್ರದ ಹೊರಗೆ ಕಳುಹಿಸಲಾಗುತ್ತದೆ. ಈ ಪ್ರತಿಯೇ ದೂತ ಆರ್‌ಎನ್‌ಎ. ಅದನ್ನು ಓದಿ ಪ್ರೋಟೀನು ಕಟ್ಟುವ ಕಮ್ಮಟಗಳು ಹೊರಗಿವೆ. ಯಾವ ಅಪ್ಪಣೆಗೆ ಪ್ರತಿ ತೆಗೆಯಬೇಕೆಂಬುದು ಹೆಚ್ಚಿನ ಮಟ್ಟಿಗೆ ಬಂಡೆಯ ಬಳಿಯಲ್ಲಿಯೇ ತೀರ್ಮಾನವಾಗುತ್ತದೆ. ಕೊಂಬು ಕಣ್ಣಾಗದಿರುವುದಕ್ಕೆ ಮೊದಲ ಕಾರಣ ಇದು.

ಆದರೆ ಪ್ರತಿ ಹೊರಟ ಮೇಲೂ ಅದನ್ನು ತಡೆಯುವವರಿದ್ದಾರೆ ಎಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ಮಿಲಿಮೀಟರು ಉದ್ದದ ಹುಳುವಿನಲ್ಲಿ ಇದನ್ನು ಕಂಡರು. ಕೇವಲ 22 ಅಕ್ಷರಗಳ ಒಂದು ತುಣುಕು ಆರ್‌ಎನ್‌ಎ, ಯಾವ ಪ್ರೋಟೀನನ್ನೂ ಕಟ್ಟಿಸದೆ, ಮತ್ತೊಂದು ದೂತ ಆರ್‌ಎನ್‌ಎಗೆ ಅಂಟಿಕೊಂಡು ಅದರ ಬಾಯಿ ಕಟ್ಟುತ್ತಿತ್ತು. ಇದು ಆ ಹುಳುವಿನದೇ ಒಂದು ವಿಚಿತ್ರವೆಂದು ಹಲವರು ಬಗೆದರು. 2000ದಲ್ಲಿ ಸಿಕ್ಕಿದ ಮತ್ತೊಂದು ತುಣುಕು ಮನುಷ್ಯನಾದಿಯಾಗಿ ಬಹುಪಾಲು ಪ್ರಾಣಿಗಳಲ್ಲಿ ಇರುವುದು ಕಂಡುಬಂದ ಮೇಲೆ ಆ ತಾತ್ಸಾರ ಹೋಯಿತು. 2024ರಲ್ಲಿ ಈ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ದನಗಳಲ್ಲಿ ಇಂಥ ಕಿರು ಆರ್‌ಎನ್‌ಎಗಳು ನೂರಾರು ಬಗೆಯವು ಪತ್ತೆಯಾಗಿವೆ.

ಅವು ಹುಟ್ಟುವ ಬಗೆಯೂ ಸ್ವಾರಸ್ಯವಾಗಿದೆ. ಮೊದಲು ಉದ್ದವಾದ ಆರ್‌ಎನ್‌ಎ ಎಳೆಯೊಂದು ತನ್ನ ಮೇಲೆ ತಾನೇ ಮಡಿಚಿಕೊಂಡು ಹೆಂಗಸರ ತಲೆಪಿನ್ನಿನ ಆಕಾರ ತಾಳುತ್ತದೆ. ಡ್ರೋಷಾ ಎಂಬ ಕಿಣ್ವ ಕೋಶಕೇಂದ್ರದೊಳಗೂ, ಡೈಸರ್ ಎಂಬ ಕಿಣ್ವ ಹೊರಗೂ ಅದನ್ನು ಕತ್ತರಿಸುತ್ತವೆ. ಉಳಿದ ತುಣುಕನ್ನು ಆರ್ಗೊನಾಟ್ ಎಂಬ ಪ್ರೋಟೀನು ಕೈಯಲ್ಲಿ ಹಿಡಿದು, ದೂತ ಆರ್‌ಎನ್‌ಎಗಳ ಬಾಲಗಳನ್ನು ತಡವುತ್ತ ಸಾಗುತ್ತದೆ. ಬಾಲವೆಂದರೆ ಅಪ್ಪಣೆ ಮುಗಿದ ಮೇಲೂ ಉಳಿಯುವ ಅಕ್ಷರಗಳ ಸಾಲು. ಪ್ರೋಟೀನಿನ ಮಟ್ಟಿಗೆ ಅದಕ್ಕೆ ಅರ್ಥವಿಲ್ಲ. ಆ ಬಾಲದಲ್ಲಿ ಏಳು ಅಕ್ಷರಗಳು ಹೊಂದಿಕೊಂಡರೆ ಸಾಮಾನ್ಯವಾಗಿ ಸಾಕು, ತುಣುಕು ಅಂಟಿಕೊಳ್ಳುತ್ತದೆ. ಆ ಪ್ರತಿಯ ಓದು ನಿಧಾನವಾಗುತ್ತದೆ, ಕ್ರಮೇಣ ಪ್ರತಿಯೇ ನಾಶವಾಗುತ್ತದೆ.

ಏಳೇ ಅಕ್ಷರ ಸಾಕೆಂದಾಗ ನನ್ನೊಳಗಿನ ಲೆಕ್ಕದ ಮೇಷ್ಟರು ಸುಮ್ಮನಿರಲಿಲ್ಲ. ನಾಲ್ಕು ಅಕ್ಷರಗಳಿಂದ ಏಳಕ್ಷರದ ಪದಗಳನ್ನು 16,384 ಬಗೆಯಾಗಿ ಬರೆಯಬಹುದು. ಬಾಲದ ಉದ್ದ ಸಾವಿರ ಅಕ್ಷರವೆಂದುಕೊಂಡರೆ, ಕೇವಲ ಆಕಸ್ಮಿಕವಾಗಿಯೇ ಹದಿನಾರು ಬಾಲಗಳಲ್ಲಿ ಒಂದರಲ್ಲಿ ಆ ಪದ ಬಿದ್ದಿರುತ್ತದೆ. 22,000 ಜೀನುಗಳಿಗೆ ಈ ಲೆಕ್ಕ ಹಾಕಿದರೆ ಸಾವಿರಕ್ಕೂ ಮಿಕ್ಕುತ್ತದೆ. ನಿಜವಾಗಿ ಪರಿಣಾಮ ಕಾಣುವುದು ಇದಕ್ಕಿಂತ ಕಡಿಮೆ ಕಡೆ. ಆದರೂ ಒಂದೊಂದು ಕಿರು ಆರ್‌ಎನ್‌ಎಯ ಅಂಕೆಯಲ್ಲಿ ನೂರಾರು ಜೀನುಗಳಿರಬಹುದೆಂಬುದರಲ್ಲಿ ಆಶ್ಚರ್ಯವಿಲ್ಲ.

ಅಂಕೆಯೆಂದರೆ ಪೂರ್ತಿ ಬಂದ್ ಮಾಡುವುದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಸಿಂಧನೂರಿನವರಿಗೆ ಇದನ್ನು ವಿವರಿಸುವುದು ಸುಲಭ. ತೂಬಿನ ಬಾಗಿಲನ್ನು ನಾಲ್ಕು ಬೆರಳು ಇಳಿಸಿದರೆ ನೀರು ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಆದರೆ ಕಾಲುವೆಯ ಕೊನೆಯ ಹೊಲದವನಿಗೆ ಆ ನಾಲ್ಕು ಬೆರಳೇ ಬೆಳೆಯ ಅಳಿವು ಉಳಿವು. ಕಿರು ಆರ್‌ಎನ್‌ಎಗಳೂ ಹಾಗೆಯೇ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ದನದಲ್ಲಿ ಅಲ್ಲ, ಕುರಿಯಲ್ಲಿ ದೊರೆತಿದೆ. ಮಾಂಸಖಂಡ ಅತಿಯಾಗಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನು ದನ ಕುರಿಗಳೆರಡರಲ್ಲಿಯೂ ಇದೆ. ಬೆಲ್ಜಿಯನ್ ಬ್ಲೂ ಎಂಬ ದನದಲ್ಲಿ ಈ ಜೀನಿನ 11 ಅಕ್ಷರಗಳು ಬಿದ್ದುಹೋಗಿ ಅಪ್ಪಣೆಯೇ ಕೆಟ್ಟಿರುವುದು 1997ರಲ್ಲಿ ತಿಳಿಯಿತು. ಆ ದನದ ಮೈ ಜಟ್ಟಿಯಂತೆ ಉಬ್ಬಿರುತ್ತದೆ, ಕರು ಹೊರಬರಲು ಅನೇಕ ವೇಳೆ ಶಸ್ತ್ರಚಿಕಿತ್ಸೆಯೇ ಬೇಕು. ಟೆಕ್ಸೆಲ್ ಕುರಿಯ ಮಾಂಸಖಂಡವೂ ದಪ್ಪ. ಆದರೆ ಅದರ ಅಪ್ಪಣೆಯಲ್ಲಿ ಒಂದು ಅಕ್ಷರವೂ ಕೆಟ್ಟಿಲ್ಲ! ಬಾಲದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಮಾಂಸಖಂಡದಲ್ಲಿ ಧಾರಾಳವಾಗಿರುವ ಎರಡು ಕಿರು ಆರ್‌ಎನ್‌ಎಗಳಿಗೆ ಅಂಟಿಕೊಳ್ಳಲು ಜಾಗವಾಗಿದೆ. ತೂಬು ತುಸು ಇಳಿದಿದೆ, ಅಷ್ಟೆ. 2006ರಲ್ಲಿ ಪ್ರಕಟವಾದ ಈ ಸಂಗತಿ ನನ್ನನ್ನು ಬಹಳ ಕಾಲ ಕಾಡಿತು. ಅರ್ಥವಿಲ್ಲದ್ದೆಂದು ನಾವು ದಾಟಿಹೋಗುವ ಸಾಲಿನ ಒಂದಕ್ಷರದಲ್ಲಿ ಒಂದು ತಳಿಯ ಮೈಕಟ್ಟು ಅಡಗಿರಬಹುದು.

ಹಾಗಾದರೆ ಮಸ್ಕಿಯ ಎತ್ತಿನ ಮಾತೇನು? ಕೃಷ್ಣಾ ಕಣಿವೆಯ ತಳಿಯೆಂದು ಹೆಸರಾದ ಎತ್ತುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗೀರ್, ಓಂಗೋಲು, ಕಾಂಕ್ರೇಜ್ ಮತ್ತು ಸ್ಥಳೀಯ ರಾಸುಗಳನ್ನು ಕೂಡಿಸಿ, ಎರೆಭೂಮಿಯ ಅಂಟುಮಣ್ಣನ್ನು ಉಳಲೆಂದೇ ಬೆಳೆಸಿದರು. ದನದೊಡನೆ ಈ ನಾಡಿನ ನಂಟು ಅದಕ್ಕಿಂತ ಬಹಳ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಹಿಣಿಲುಳ್ಳ ಗೂಳಿಗಳನ್ನು ಚಿತ್ರಿಸಿದ್ದಾರೆ. ಈಗ ಟ್ರ್ಯಾಕ್ಟರು ಬಂದು ಎತ್ತಿನ ಜೋಡಿಗಳು ವಿರಳವಾಗುತ್ತಿವೆ. ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ವರ್ಷದಲ್ಲಿ ಕೆಲವೇ ವಾರಗಳ ಕೆಲಸಕ್ಕೆ ವರ್ಷವಿಡೀ ಮೇವು ಹಾಕುವವನು ಅವನು.

ಬಿಸಿಲು ತಾಳುವ ಶಕ್ತಿಯಲ್ಲಿ ಕಿರು ಆರ್‌ಎನ್‌ಎಗಳ ಕೈವಾಡವಿರಬಹುದೆಂಬ ಅನುಮಾನಕ್ಕೆ ಆಧಾರವಿದೆ. ಬೇಸಗೆಯ ತಾಪದಲ್ಲಿ ಸಾಹಿವಾಲ್ ತಳಿಯ ದನಗಳಲ್ಲಿ ಕೆಲವು ತುಣುಕುಗಳ ಪ್ರಮಾಣ ಏರುಪೇರಾಗುವುದನ್ನು ನಮ್ಮ ದೇಶದ ಸಂಶೋಧಕರೇ 2018ರಲ್ಲಿ ವರದಿ ಮಾಡಿದರು. ಏರುಪೇರು ತಾಳಿಕೆಯ ಕಾರಣವೋ, ಬರಿಯ ಪರಿಣಾಮವೋ ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಹೆರೆಫರ್ಡ್ ಹಸುವಿನ ಬರಹವನ್ನು ಓದಿದ ಮಾತ್ರಕ್ಕೆ ಹಿಣಿಲುಳ್ಳ ನಮ್ಮ ದನದ ಬಾಲಗಳಲ್ಲಿ ಯಾವ ಅಕ್ಷರವಿದೆಯೆಂದು ಗೊತ್ತಾಗುವುದೂ ಇಲ್ಲ.

ಇಲ್ಲೊಂದು ತೊಡಕನ್ನು ಹೇಳಲೇಬೇಕು. ಡಿಎನ್‌ಎ ಗಟ್ಟಿ ಪದಾರ್ಥ. ಹೋರಿಯ ವೀರ್ಯವನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ದಶಕಗಳ ಕಾಲ ಕಾಪಾಡಬಹುದು, ಶಾಸನ ಉಳಿಯುತ್ತದೆ. ಆದರೆ ಯಾವ ತೂಬು ಎಷ್ಟು ಇಳಿದಿದೆಯೆಂಬುದು ಶಾಸನದಲ್ಲಿ ಬರೆದಿರುವುದಿಲ್ಲ. ಅದು ಅಂಗಾಂಗಕ್ಕೆ ಬೇರೆ, ಹಗಲಿಗೆ ಬೇರೆ, ಹಸಿವಿಗೆ ಬೇರೆ. ಅದನ್ನು ಅಳೆಯಬೇಕಾದರೆ ಜೀವಂತ ಪ್ರಾಣಿಯ ರಕ್ತವನ್ನೋ ಚರ್ಮದ ಚೂರನ್ನೋ ಆ ಗಳಿಗೆಯಲ್ಲಿಯೇ ತೆಗೆದು, ಆರ್‌ಎನ್‌ಎ ಕೆಡುವ ಮುನ್ನ ಶೈತ್ಯದಲ್ಲಿಡಬೇಕು. ಎರೆಹೊಲದಲ್ಲಿ ನೊಗ ಹೊತ್ತು, ಮೇ ತಿಂಗಳ ಮಧ್ಯಾಹ್ನದಲ್ಲಿ ನಿಂತ ಎತ್ತಿನ ಮೈಯಲ್ಲಿ ನಡೆಯುವುದನ್ನು ತಿಳಿಯಲು ಅಂಥದೇ ಹೊಲದಲ್ಲಿ ಅಂಥದೇ ಎತ್ತು ನಿಂತಿರಬೇಕು.

ಪ್ರಶ್ನೆ ಕೇಳಿದ ಹುಡುಗನಿಗೆ ಇಷ್ಟನ್ನು ಹೇಳಿ, ಅವರ ಮನೆಯ ಎತ್ತುಗಳ ವಿಚಾರ ಕೇಳಿದೆ. “ಹೋದ ದೀಪಾವಳಿಗೆ ಕೊಟ್ವಿ ಸರ್. ದೊಡ್ಡಪ್ಪನ ಮನ್ಯಾಗ ಒಂದು ಜೋಡಿ ಐತಿ,” ಎಂದ.