ಮೈಸೂರಿನ ಗಾಡಿ, ಜಪಾನಿನ ಗಾಡಿ

ಕುಷ್ಟಗಿಯಲ್ಲಿ ಹೆದ್ದಾರಿಯ ಮಗ್ಗುಲಿಗಿರುವ ರಿಪೇರಿ ಶೆಡ್ಡುಗಳ ಮುಂದೆ ಹಾಯುವಾಗ ನನಗೆ ಕಣ್ಣಿಗಿಂತ ಕಿವಿ ಚುರುಕಾಗುತ್ತದೆ. ಈಗಿನ ಗಾಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ದನಿಯವು. ಅವುಗಳ ನಡುವೆ ಒಮ್ಮೊಮ್ಮೆ ಎರಡು ಹಳೆಯ ದನಿಗಳು ಕೇಳುತ್ತವೆ. ಒಂದು, ಎರಡು ಸೈಲೆನ್ಸರುಗಳಿಂದ ಡುಗುಡುಗು ಎಂದು ನಿಧಾನಕ್ಕೆ ಉರುಳಿ ಬರುವ ಯೆಜ್ಡಿಯದು. ಇನ್ನೊಂದು, ಕಂಚಿನ ತಾಟಿಗೆ ಬೆರಳಿನಿಂದ ಮೀಟಿದಂತೆ ಟಣಟಣ ಅನ್ನುವ ಯಮಹಾ ಆರ್‌ಎಕ್ಸ್ 100ನದು. ಈ ಎರಡರಲ್ಲಿ ಯಾವುದು ಅನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಹತ್ತು ವರ್ಷ ನಡೆಯಿತು. ಕಾಕಾ ಯೆಜ್ಡಿಯವರು, ಸೋದರಮಾವ ಯಮಹಾದವರು. ಮದುವೆ, ಜಾತ್ರೆ, ಸತ್ತ ಮನೆ, ಎಲ್ಲಿ ಸೇರಿದರೂ ಮಾತು ಅಲ್ಲಿಗೇ ಬರುತ್ತಿತ್ತು. ಕಾಕಾನದು ‘ಮೈಸೂರು ಗಾಡಿ’, ಮಾವನದು ‘ಜಪಾನ್ ಗಾಡಿ’ ಎಂದೇ ನಾವು ಹುಡುಗರು ಕರೆಯುತ್ತಿದ್ದೆವು.

ಈ ಜಗಳ ಬರೀ ಶೋಕಿಯದಾಗಿರಲಿಲ್ಲ. ಕುಷ್ಟಗಿಗೆ ಪ್ರಯಾಣಿಕರ ರೈಲು ಬಂದದ್ದೇ 2025ರಲ್ಲಿ. ಅಲ್ಲಿಯತನಕ ಈ ಊರಿಗೆ ಹೊರಗಿನ ನಂಟೆಂದರೆ ರಸ್ತೆಯೊಂದೇ. ಸೋಲಾಪುರದಿಂದ ವಿಜಯಪುರ, ಇಳಕಲ್ಲು ಹಾದು ಹೊಸಪೇಟೆಯ ಕಡೆ ಇಳಿಯುವ ಆ ರಸ್ತೆಗೆ ಆಗ ಹೆದ್ದಾರಿ 13 ಎಂಬ ಹೆಸರು, ಈಗ ನಮ್ಮ ಕಡೆಯ ಭಾಗಕ್ಕೆ 50. ನಮ್ಮ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಒಂದು ಕಾಗದಕ್ಕೆ ಸಹಿ ಬೇಕೆಂದರೂ ನೂರು ಕಿಲೋಮೀಟರಿಗೂ ಆಚೆಗಿನ ರಾಯಚೂರಿಗೆ ಹೋಗಬೇಕು. ಹನಮಸಾಗರ, ತಾವರಗೇರಾ, ದೋಟಿಹಾಳದ ಕಡೆಯ ದಾರಿಗಳಲ್ಲಿ ಒಂದು ಬಸ್ಸು ತಪ್ಪಿದರೆ ಅರ್ಧ ದಿನ ಹೋಯಿತು. ಶಾಲೆಯ ಮಾಸ್ತರರು, ಬೀಜದ ಪ್ಲಾಟುಗಳನ್ನು ನೋಡಲು ಹೊಲದಿಂದ ಹೊಲಕ್ಕೆ ತಿರುಗುವವರು, ಹಳ್ಳಿಗೆ ಸೂಜಿ ಹಾಕಲು ಹೋಗುವ ಡಾಕ್ಟರು, ಇವರೆಲ್ಲರ ಬದುಕೇ ಗಾಡಿಯ ಮೇಲಿತ್ತು. ಜೀವಮಾನದಲ್ಲಿ ಒಮ್ಮೆ ಕೊಳ್ಳುವ ವಸ್ತು ಅದು. ಎತ್ತು ಕೊಳ್ಳುವಾಗ ಹಲ್ಲು, ಸುಳಿ, ಗೊರಸು ನೋಡಿದಂತೆ ಹತ್ತು ಮಂದಿಯನ್ನು ಕೇಳಿಯೇ ಕೊಳ್ಳುತ್ತಿದ್ದರು.

ಮೊದಲು ಮೈಸೂರು ಗಾಡಿಯ ಹುಟ್ಟನ್ನು ಹೇಳುತ್ತೇನೆ. ಪ್ರಾಗ್ ನಗರದಲ್ಲಿ 1929ರಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಬೈಕನ್ನು ತಯಾರಿಸುವ ಹಕ್ಕು ಪಡೆದು ಕಾರ್ಖಾನೆ ನಡೆಸತೊಡಗಿದರು. ರೋಮನ್ ಲಿಪಿಯಲ್ಲಿ ಆ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರ ಸಿದ್ಧ ಬೈಕುಗಳ ಆಮದನ್ನು ಬಿಗಿ ಮಾಡಿದಾಗ, ಇಲ್ಲೇ ಕಟ್ಟುವವರಿಗೆ ಅವಕಾಶ ತೆರೆಯಿತು. ರುಸ್ತುಂ ಮತ್ತು ಫಾರೂಖ್ ಇರಾನಿ ಅವರು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪಿಸಿ, ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎಬ್ಬಿಸಿದರು. ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. 1961ರಿಂದ ಅಲ್ಲಿ 250 ಸಿಸಿಯ ಜಾವಾ ತಯಾರಾಗತೊಡಗಿತು. ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. ಚೆಕ್ ದೇಶದ ನಕ್ಷೆ, ಇರಾನಿನ ಹೆಸರು, ಮೈಸೂರಿನ ಕೈಗೆಲಸ: ನಮ್ಮ ಎರೆಭೂಮಿಯ ಕಾಲುದಾರಿಗೆ ಇಳಿಯುವ ಹೊತ್ತಿಗೆ ಆ ಗಾಡಿ ಇಷ್ಟು ದೂರ ಬಂದಿತ್ತು.

ಅದರ ಸ್ವಭಾವ ಬೇರೆಯೇ. ಕಿಕ್ಕರಿಗೂ ಗೇರಿಗೂ ಒಂದೇ ಕಡ್ಡಿ, ಅದೂ ಎಡಗಡೆ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರು, ಹೊಡೆದು ಮತ್ತೆ ಕೆಳಗೆ ಬಿಟ್ಟರೆ ಗೇರು. ಗೇರಿನ ಕಡ್ಡಿ ತುಳಿದರೆ ಕ್ಲಚ್ಚು ತಾನಾಗಿ ಬಿಡುತ್ತದೆ. ಸಿಲಿಂಡರು ಒಂದೇ ಆದರೂ ಸೈಲೆನ್ಸರು ಎರಡು. ಹಳೆಯ ಜಾವಾಗಳಲ್ಲಿ ಕಾರ್ಬೊರೇಟರಿನ ಮೇಲೊಂದು ಗುಂಡಿ ಇರುತ್ತಿತ್ತು. ಚಳಿಗಾಲದ ಬೆಳಿಗ್ಗೆ ಅದನ್ನು ಒತ್ತಿ, ಪೆಟ್ರೋಲು ಬೆರಳಿಗೆ ತಾಕಿದ ಮೇಲೆ ಕಿಕ್ಕು ಹೊಡೆಯಬೇಕು. ಹೊಸಬರು ಏರಿದರೆ ಗಾಡಿ ಮಾತು ಕೇಳುತ್ತಿರಲಿಲ್ಲ. ಕಾಕಾ ಒಂದೇ ಕಿಕ್ಕಿಗೆ ಎಬ್ಬಿಸುತ್ತಿದ್ದರು. ಆ ಕೈಚಳಕ ಕಲಿಯಲು ನನಗೆ ಒಂದು ಬೇಸಿಗೆ ಬೇಕಾಯಿತು. ಕಲಿತ ದಿನ ನನ್ನನ್ನು ಯಾರೋ ದೊಡ್ಡವರ ಸಾಲಿನಲ್ಲಿ ಕೂರಿಸಿದಂತೆ ಅನ್ನಿಸಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ಜಪಾನು ಬಂತು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷದ ಕೊನೆಯಲ್ಲಿ ಎಸ್ಕಾರ್ಟ್ಸ್ ಕಂಪನಿಯ ಕೈಯಿಂದ ಯಮಹಾ ಆರ್‌ಎಕ್ಸ್ 100, ಮರುವರ್ಷ ಕವಾಸಕಿ ಬಜಾಜ್. ನಾಲ್ಕೂ ನೂರು ಸಿಸಿಯವು. 250 ಸಿಸಿಯ ಹಳೆಯ ಜಾವಾ ಕೊಡುತ್ತಿದ್ದದ್ದು 12 ಹಾರ್ಸ್ ಪವರ್ ಆಸುಪಾಸು. ಅದರ ಅರ್ಧವೂ ಇಲ್ಲದ 98 ಸಿಸಿಯ ಆರ್‌ಎಕ್ಸ್ ಕೊಟ್ಟದ್ದು 11. ತೂಕವೋ ನೂರು ಕೆ.ಜಿ.ಯ ಆಸುಪಾಸು, ಅಂದರೆ ಒಂದು ಜೋಳದ ಚೀಲದಷ್ಟು. ಎಕ್ಸಲೇಟರು ತಿರುವಿದರೆ ಮುಂದಿನ ಗಾಲಿ ಹಗುರಾಗುತ್ತಿತ್ತು. ಮಾವ ಮೊದಲ ಸಲ ನನ್ನನ್ನು ಹಿಂದೆ ಕೂರಿಸಿಕೊಂಡು ಇಳಕಲ್ಲಿನ ಕಡೆ ಬಿಟ್ಟಾಗ ನಾನು ಅವರ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದದ್ದು ನೆನಪಿದೆ.

ಕಾರುಗಳಲ್ಲೂ ಆಗ ಇದೇ ಹಣಾಹಣಿ ನಡೆದಿತ್ತು, ಅದೂ ನಮ್ಮ ರಾಜ್ಯದ ನೆಲದಲ್ಲೇ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ‘ಡಾಲ್ಫಿನ್’ ಎಂಬ ಪುಟ್ಟ ಕಾರನ್ನು ತಂದಿತು. ಮೂಲ, ಇಂಗ್ಲೆಂಡಿನ ರಿಲಯಂಟ್ ಎಂಬ ಸಣ್ಣ ತಯಾರಕರ ‘ಕಿಟನ್’. ಮೈ ಫೈಬರಿನದು, 848 ಸಿಸಿಯ ಇಂಜಿನ್ ಅಲ್ಯೂಮಿನಿಯಮ್ಮಿನದು, ಓಡಿಸುವ ಬಲ ಹಿಂದಿನ ಗಾಲಿಗೆ. ಹಗುರವಾಗಿದ್ದ ಆ ಕಾರು ರ‍್ಯಾಲಿ ಓಡಿಸುವವರಿಗೆ ಅಚ್ಚುಮೆಚ್ಚಾಯಿತು. ಆದರೆ 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ಅದರ ಒಡೆಯನ ಕೈಗೆ ಕೊಟ್ಟರು. ಸುಜುಕಿಯ 796 ಸಿಸಿ ಇಂಜಿನ್, ಮೂರು ಸಿಲಿಂಡರು, ಉಕ್ಕಿನ ಮೈ. ಮನೆಮಂದಿಯನ್ನೆಲ್ಲ ಕೂರಿಸಿ ಬೆಳಗಿನ ಜಾವ ಧರ್ಮಸ್ಥಳಕ್ಕೆ ಹೊರಡುವವನು ಯಾವುದನ್ನು ಆರಿಸಿದ ಎಂದು ಕೇಳಬೇಕಾಗಿಲ್ಲ. ಡಾಲ್ಫಿನ್ನನ್ನು ನಾನು ಕುಷ್ಟಗಿಯಲ್ಲಿ ಒಮ್ಮೆಯೂ ಕಂಡಿಲ್ಲ. ನಮ್ಮೂರಿಗೆ ಈ ಆಯ್ಕೆ ಬಂದದ್ದು ಎರಡು ಗಾಲಿಯ ಮೇಲೆ.

ಯೆಜ್ಡಿಗೂ ಯಮಹಾಕ್ಕೂ ಇದ್ದ ನಿಜವಾದ ವ್ಯತ್ಯಾಸ ಎಣ್ಣೆಯಲ್ಲಿತ್ತು. ಎರಡೂ ಟೂ ಸ್ಟ್ರೋಕ್. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು, ಗಾಳಿಯ ಮಿಶ್ರಣ ಕ್ರ್ಯಾಂಕಿನ ಕೋಣೆಯ ಮೂಲಕವೇ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿ ಬೇರೆಯಾಗಿ ಎಣ್ಣೆ ನಿಲ್ಲಿಸಲು ಬರುವುದಿಲ್ಲ, ಪೆಟ್ರೋಲಿನ ಜೊತೆಗೇ ಎಣ್ಣೆಯೂ ಹೋಗಬೇಕು. ಕಡಿಮೆಯಾದರೆ ಪಿಸ್ಟನ್ನು ಬಿಸಿಗೆ ಉಬ್ಬಿ ಬೋರಿನಲ್ಲಿ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಕರಿ. ಯೆಜ್ಡಿಯಲ್ಲಿ ಆ ಅಳತೆ ಓಡಿಸುವವನ ಕೈಯಲ್ಲಿ. ಪಂಪಿನಲ್ಲಿ ನಿಂತು ಎಷ್ಟು ಲೀಟರಿಗೆ ಎಷ್ಟು ಎಣ್ಣೆ ಎಂದು ಲೆಕ್ಕ ಹಾಕಿ, ಸುರಿದು, ಗಾಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಬೇಕು. ಹೊರೆ ಇದ್ದರೆ, ಬಿಸಿಲು ಜಾಸ್ತಿಯಿದ್ದರೆ, ಕಾಕಾ ಒಂದು ಮುಚ್ಚಳ ಹೆಚ್ಚು ಹಾಕುತ್ತಿದ್ದರು. ಯಮಹಾ 1964ರಲ್ಲೇ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತ್ತು. ಎಣ್ಣೆಗೆ ಬೇರೆ ಡಬ್ಬಿ, ಅದಕ್ಕೊಂದು ಪುಟ್ಟ ಪಂಪು. ಎಕ್ಸಲೇಟರು ಎಷ್ಟು ತಿರುವುತ್ತೀರೋ ಅದಕ್ಕೆ ತಕ್ಕಷ್ಟು ಎಣ್ಣೆ. ‘ಆಟೊಲ್ಯೂಬ್’ ಎಂದು ಅದರ ಹೆಸರು. ಆರ್‌ಎಕ್ಸ್ 100ನಲ್ಲಿ ಅದೇ ಇತ್ತು. ಓಡಿಸುವವನು ಡಬ್ಬಿ ಬರಿದಾಗದಂತೆ ನೋಡಿಕೊಂಡರೆ ಸಾಕು.

ಜಪಾನಿನ ಗಾಡಿ ಗಟ್ಟಿ, ಮೈಸೂರಿನದು ರಗಳೆ ಎಂದು ಹಲವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ಒಪ್ಪುವುದಿಲ್ಲ. ಎರಡೂ ನಂಬಿಕೆಯ ಗಾಡಿಗಳೇ, ನಂಬಿಕೆ ಇದ್ದ ಜಾಗ ಬೇರೆ. ಯಮಹಾದಲ್ಲಿ ಅದು ಕಾರ್ಖಾನೆಯ ಕೈಯಲ್ಲಿತ್ತು: ಕೂದಲೆಳೆಯ ಅಳತೆಯಲ್ಲಿ ಕೊರೆದ ಬೋರು, ಲೆಕ್ಕ ತಪ್ಪದ ಪಂಪು. ಯೆಜ್ಡಿಯಲ್ಲಿ ಅದು ಒಡೆಯನ ಕೈಯಲ್ಲಿತ್ತು, ಅವನ ಮಿಸ್ತ್ರಿಯ ಕೈಯಲ್ಲಿತ್ತು. ಪಾಯಿಂಟ್ ಉಜ್ಜಲು ಮರಳುಕಾಗದದ ಚೂರು, ಒಂದು ಸ್ಕ್ರೂಡ್ರೈವರು, ಒಂದು ಪ್ಲಗ್ ಪಾನಾ ಇದ್ದರೆ ಬೇವಿನ ನೆರಳಲ್ಲಿ ನಿಲ್ಲಿಸಿ ಎಲ್ಲವನ್ನೂ ಸರಿಮಾಡಿಕೊಳ್ಳಬಹುದಿತ್ತು. ಮುಚ್ಚುಮರೆ ಇಲ್ಲದ ಯಂತ್ರ ಅದು. ನಮ್ಮ ಓಣಿಯ ಮಿಸ್ತ್ರಿಯೊಬ್ಬರು ಗಾಡಿ ಕೇಳಲು ಬಂದವರಿಗೆ ಹೇಳುತ್ತಿದ್ದ ಮಾತು ಇವತ್ತಿಗೂ ಕಿವಿಯಲ್ಲಿದೆ: “ದೂರ ಹೋಗಾವ ಇದ್ರ ಜಪಾನಿಂದು ತಗೋ ತಮ್ಮಾ. ಗಾಡಿ ಜೋಡಿ ಬಾಳ್ವಿ ಮಾಡಾವ ಇದ್ರ ಮೈಸೂರಿಂದು ತಗೋ.” ಎಲ್ಲರಿಗೂ ಒಂದೇ ಉತ್ತರ ಕೊಡದೆ, ಕೇಳುವವನ ದಾರಿ ಎಂಥದು ಎಂದು ಮೊದಲು ವಿಚಾರಿಸುತ್ತಿದ್ದದ್ದು ಅವರ ದೊಡ್ಡತನ.

ಜಗತ್ತಿನ ದೊಡ್ಡ ರಸ್ತೆಗಳಲ್ಲೂ ಜನ ಇದನ್ನೇ ತೂಗಿದ್ದಾರೆ. ಇಂಗ್ಲೆಂಡಿನ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ 1962ರಲ್ಲಿ ಎಲಾನ್ ಎಂಬ ಹಗುರ ಕಾರು ಮಾಡಿತು. ಮೋರ್ಗನ್ ಎಂಬ ಇನ್ನೊಂದು ಸಣ್ಣ ಕಂಪನಿ ಇವತ್ತಿಗೂ ತನ್ನ ಕಾರಿನ ಮೈಯ ಚೌಕಟ್ಟಿಗೆ ಮರ ಬಳಸುತ್ತದೆ. ಓಡಿಸಿದರೆ ಎದೆ ತುಂಬುವ ಕಾರುಗಳು, ಆದರೆ ಬೆನ್ನಿಗೆ ನಿಂತು ನೋಡಿಕೊಳ್ಳಬೇಕು. ಆ ಹಗುರ ಇಂಗ್ಲಿಷ್ ಕಾರುಗಳ ಖುಷಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಜಪಾನಿನ ಮಾಜ್ದಾ 1989ರಲ್ಲಿ ಎಂಎಕ್ಸ್-5 ತಂದಿತು. ದಿನಾ ಬೆಳಿಗ್ಗೆ ಕೀಲಿ ತಿರುವಿದರೆ ಹೊರಡುವ ಸ್ಪೋರ್ಟ್ಸ್ ಕಾರು ಅದು, ಹತ್ತು ಲಕ್ಷಕ್ಕೂ ಮೀರಿ ತಯಾರಾಯಿತು. ಮರುವರ್ಷ ಹೋಂಡಾ ಎನ್‌ಎಸ್‌ಎಕ್ಸ್ ಬಂತು, ಫೆರಾರಿಗೆ ಎದುರಾಗಿಯೇ. ಅದನ್ನು ಹದ ಮಾಡುವಾಗ ಸುಜುಕಾದ ಓಟದ ದಾರಿಯಲ್ಲಿ ಕಾರ್ ರೇಸಿನ ಚಾಲಕ ಆಯರ್ಟನ್ ಸೆನ್ನಾ ಓಡಿಸಿ ನೋಡಿದ್ದರು. ನನಗೆ ಇದೆಲ್ಲಕ್ಕಿಂತ ಇಷ್ಟದ ಸಂಗತಿ ಬೇರೆ: ಅದೇ ಲೋಟಸ್ ತನ್ನ ಎಲೀಸ್ ಕಾರಿಗೆ ಕೊನೆಗೆ ಟೊಯೊಟಾದ ಇಂಜಿನ್ ಕೂರಿಸಿತು. ಮೈ ಇಂಗ್ಲೆಂಡಿನದು, ಗುಂಡಿಗೆ ಜಪಾನಿನದು. ನಮ್ಮ ಕಾಕಾ, ಮಾವ ಇಬ್ಬರೂ ಒಂದೇ ಗಾಡಿಯಲ್ಲಿ ಕುಳಿತಂತೆ.

ಇಲ್ಲಿ ಅಂಥ ಬೀಗತನ ಕೂಡಿಬರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸುವ ಹಟದಲ್ಲಿದ್ದಾಗ, 1994ರಲ್ಲಿ ಹೀರೋ ಹೋಂಡಾ ಸ್ಪ್ಲೆಂಡರ್ ಬಂತು. ಸದ್ದಿಲ್ಲ, ಹೊಗೆಯಿಲ್ಲ, ಫೋರ್ ಸ್ಟ್ರೋಕ್. ಒಂದು ಲೀಟರಿನಲ್ಲಿ ಅದು ಹೋಗುವಷ್ಟು ದೂರವನ್ನು ಯೆಜ್ಡಿಯೂ ಹೋಗದು, ಆರ್‌ಎಕ್ಸ್ ಸಹ ಹೋಗದು. 1996ರಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. ಅದೇ 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು, ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಹತ್ತು ವರ್ಷ ಎದುರುಬದುರು ನಿಂತು ಕಾದಾಡಿದ ಎರಡೂ ಗಾಡಿಗಳು ಒಂದೇ ವರ್ಷ ಎದ್ದುಹೋದವು. 2001ರ ಹೊತ್ತಿಗೆ ಹೀರೋ ಹೋಂಡಾ ಜಗತ್ತಿನಲ್ಲೇ ಅತಿ ಹೆಚ್ಚು ದ್ವಿಚಕ್ರ ವಾಹನ ತಯಾರಿಸುವ ಕಂಪನಿಯಾಗಿತ್ತು. ಮಾವನೂ ಒಂದು ಸ್ಪ್ಲೆಂಡರ್ ಕೊಂಡರು. ಅದರ ಬಗ್ಗೆ ಅವರು ಯಾರೊಂದಿಗೂ ಒಂದು ದಿನವೂ ವಾದಿಸಿದ್ದನ್ನು ನಾನು ಕೇಳಲಿಲ್ಲ. ವಾದಿಸಲು ಅದರಲ್ಲಿ ಏನೂ ಇರಲಿಲ್ಲ, ಅದು ಹೋಗುತ್ತಿತ್ತು, ಬರುತ್ತಿತ್ತು.

ಆಮೇಲೆ ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಹೊಸ ಜಾವಾದಲ್ಲೂ ಎರಡು ಸೈಲೆನ್ಸರಿವೆ, ಟ್ಯಾಂಕಿನ ಉಬ್ಬು ಹಾಗೆಯೇ ಇದೆ. ಒಳಗೆ ಮಾತ್ರ ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಇಂಜಿನ್, ಪೆಟ್ರೋಲಿನ ಅಳತೆಗೆ ಕಂಪ್ಯೂಟರು. ಒಡೆಯ ಅಳೆಯಬೇಕಾದದ್ದು ಏನೂ ಉಳಿದಿಲ್ಲ. ಅವು ಒಳ್ಳೆಯ ಗಾಡಿಗಳು, ಓಡಿಸಿ ನೋಡಿದ್ದೇನೆ. ಹಳೆಯದರ ಮುಖವಿದೆ, ಹಳೆಯದರ ಹಟವಿಲ್ಲ. ಇತ್ತ ಹಳೆಯ ಆರ್‌ಎಕ್ಸ್‌ಗಳನ್ನು ಹುಡುಕಿ ಹುಡುಕಿ ಕೊಳ್ಳುವ ಹುಡುಗರು ಗಂಗಾವತಿಯಲ್ಲೂ ಇದ್ದಾರೆ, ಯಲಬುರ್ಗಾದಲ್ಲೂ ಇದ್ದಾರೆ. ಆ ಗಾಡಿ ನಿಂತ ಮೇಲೆ ಹುಟ್ಟಿದವರು ಅವರು. ಕೆಎ 36 ಎಂದು ಆರಂಭವಾಗುವ ನಂಬರು ಕುಷ್ಟಗಿಯ ಹಳೆಯ ಮನೆಯೊಂದರ ಮುಂದೆ ಕಂಡರೆ ಅದು ಬಹುಮಟ್ಟಿಗೆ ನಾವು ರಾಯಚೂರಿನವರಾಗಿದ್ದ ಕಾಲದ ಗಾಡಿ. ಕೊಪ್ಪಳದ 37 ಬಂದದ್ದು ಜಿಲ್ಲೆಯಾದ ಮೇಲೆ.

ಕಾಕಾನ ಗಾಡಿ ಈಗ ಅಣ್ಣನ ಮಗನ ಕೈಗೆ ಬಂದಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ, ಅಲ್ಲಿ ಅವನದೊಂದು ಜಪಾನಿ ಕಾರೂ ಇದೆ. ದೀಪಾವಳಿಗೆ ಬಂದಾಗಲೆಲ್ಲ ಮೊದಲು ಪಡಸಾಲೆಯ ಮೂಲೆಗೆ ಹೋಗಿ ಹೊದಿಕೆ ಸರಿಸುತ್ತಾನೆ. ಕಳೆದ ಸಲ ಪೆಟ್ರೋಲು ಪಂಪಿಗೆ ಹೊರಟು ನಿಂತವನು, ಎಣ್ಣೆಯ ಬಾಟಲಿ ಹಿಡಿದುಕೊಂಡು ಒಳಗೆ ಮಂಚದ ಹತ್ತಿರ ಬಂದ.

“ಅಜ್ಜಾ, ಲೀಟರಿಗೆ ಎಷ್ಟ್ ಹಾಕ್ಲಿ?”

ಕಾಕಾ ಎದ್ದು ಕುಳಿತರು. ಕಣ್ಣು ಮಂಜಾಗಿದೆ, ಆದರೂ ಬಾಗಿಲಿನಾಚೆಯ ಬಿಸಿಲನ್ನು ಒಂದು ಗಳಿಗೆ ನೋಡಿದರು.

“ಒಬ್ಬನ ಹೊಂಟೀಯೇನು, ಯಾರನ್ನರ ಕುಂಡ್ರಿಸ್ಕೊಂಡು ಹೊಂಟೀಯೋ?”

“ಅವ್ವ ಬರ್ತಾಳ, ಹನಮಸಾಗರಕ್ಕ.”

“ಹಂಗಾರ ಲೀಟರಿಗೆ ನಲವತ್ತರ ಮ್ಯಾಲ ಒಂದು ಮುಚ್ಚಳ ಹಾಕು,” ಎಂದರು. “ಹಾಕಿ, ಗಾಡಿ ಅಲ್ಲಾಡಿಸೋದು ಮರೀಬ್ಯಾಡ.”