ಮಾಂಟೆಸರಿ: ಬೋರ್ಡು ನೋಡಿ ಮರುಳಾಗಬೇಡಿ

ಮಗುವಿಗೆ ಎರಡೂವರೆ ತುಂಬುತ್ತಿದ್ದಂತೆ ಮನೆಯಲ್ಲಿ ಶಾಲೆಯ ಮಾತು ಶುರುವಾಗುತ್ತದೆ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ 'ಮಾಂಟೆಸರಿ' ಎಂಬ ಬೋರ್ಡುಗಳಿಗೇನೂ ಬರವಿಲ್ಲ. ಆದರೆ ಈ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಇದು ಎಲ್ಲರೂ ಬಳಸಬಹುದಾದ ಸಾಮಾನ್ಯ ಪದವೆಂದು ಅಮೆರಿಕದಲ್ಲಿ 1967ರಲ್ಲಿಯೇ ತೀರ್ಮಾನವಾಯಿತು. ನಮ್ಮಲ್ಲಂತೂ ಕೇಳುವವರೇ ಇಲ್ಲ.

ಮರಿಯಾ ಮಾಂಟೆಸರಿ ಇಟಲಿಯ ವೈದ್ಯೆ. ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 1907ರಲ್ಲಿ ಮೊದಲ 'ಮಕ್ಕಳ ಮನೆ' ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಮಹಾಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದರು. ಬಡ ಮಕ್ಕಳಿಗಾಗಿ ಹುಟ್ಟಿದ ಪದ್ಧತಿ ಇಂದು ದುಬಾರಿ ಶುಲ್ಕಕ್ಕೆ ನೆಪವಾಗಿರುವುದು ವಿಪರ್ಯಾಸ.

ಸೇರಿಸುವ ಮುನ್ನ, ಬೆಳಗಿನ ಹೊತ್ತು ಒಂದು ಗಂಟೆ ತರಗತಿಯ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡಲು ಅನುಮತಿ ಕೇಳಿ. (ಒಪ್ಪದಿದ್ದರೆ ಅದೂ ಒಂದು ಉತ್ತರವೇ!) ಎರಡೂವರೆಯಿಂದ ಆರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆಯೇ? ಸಾಮಗ್ರಿಗಳು ಮಗುವಿನ ಕೈಗೆಟುಕುವ ತೆರೆದ ಕಪಾಟಿನಲ್ಲಿವೆಯೋ, ಬಂದವರಿಗೆ ತೋರಿಸಲೆಂದು ಗಾಜಿನ ಬೀರುವಿನಲ್ಲಿವೆಯೋ? ಮಗು ತನಗೆ ಬೇಕಾದದ್ದನ್ನು ತಾನೇ ಆರಿಸಿ, ಚಾಪೆ ಹಾಸಿ ಕೆಲಸ ಮಾಡಿ, ಮುಗಿದ ಮೇಲೆ ಮರಳಿ ಇಡುತ್ತದೆಯೇ?

ವಿಜ್ಞಾನದ ಮೇಷ್ಟ್ರಾದ ನನಗೆ ಅಲ್ಲಿ ಅತ್ಯಂತ ಇಷ್ಟವಾಗುವುದು ಗುಲಾಬಿ ಗೋಪುರ. ಮರದ ಹತ್ತು ಘನಗಳು. ಚಿಕ್ಕದರ ಅಂಚು 1 ಸೆಂ.ಮೀ., ದೊಡ್ಡದರದು 10 ಸೆಂ.ಮೀ. ಅಂಚು ಹತ್ತು ಪಟ್ಟಾದರೆ ಘನಫಲ ಸಾವಿರ ಪಟ್ಟು! ಮೂರು ವರ್ಷದ ಮಗುವಿಗೆ ಯಾರೂ ಈ ಲೆಕ್ಕ ಹೇಳುವುದಿಲ್ಲ. ಒಂದನ್ನು ಎರಡು ಬೆರಳಿನಲ್ಲಿ ಎತ್ತಿ, ಮತ್ತೊಂದನ್ನು ಎರಡೂ ಕೈಗಳಿಂದ ಹೊತ್ತು ತರುವಾಗ ಅದು ಮಗುವಿಗೆ ಅನುಭವಕ್ಕೆ ಬರುತ್ತದೆ. ಜೋಡಣೆ ತಪ್ಪಿದರೆ ಗೋಪುರ ನೋಡಿದರೇ ಗೊತ್ತಾಗುತ್ತದೆ, ಟೀಚರು ಗದರಬೇಕಿಲ್ಲ. ಅಂಚು ಎರಡರಷ್ಟಾದರೆ ಘನಫಲ ಎಷ್ಟಾಗುತ್ತದೆಂದು ಎಂಟನೇ ತರಗತಿಯಲ್ಲಿ ಕೇಳಿ ನೋಡಿ: 'ಎರಡರಷ್ಟು ಸಾರ್' ಎನ್ನುವವರೇ ಹೆಚ್ಚು. ಎಂಟರಷ್ಟು ಎಂದು ಸೂತ್ರ ಬರೆಯಿಸಿ ಒಪ್ಪಿಸಬೇಕಾಗುತ್ತದೆ.

ಶಿಕ್ಷಕಿಯರು ಎಲ್ಲಿ, ಎಷ್ಟು ಕಾಲ ತರಬೇತಿ ಪಡೆದರೆಂದು ಕೇಳಲು ಸಂಕೋಚ ಬೇಡ.

ಇನ್ನು, ಮುಂದೆ ದೊಡ್ಡ ಶಾಲೆಯಲ್ಲಿ ಸೀಟು ಸಿಗದೆಂಬ ಭಯದಿಂದ ನಾಲ್ಕೂವರೆಗೇ ಬಿಡಿಸಿ ಯು.ಕೆ.ಜಿ.ಗೆ ಸೇರಿಸುವ ಪಾಲಕರಿದ್ದಾರೆ. ಹಿಂದಿನ ಎರಡು ವರ್ಷದ ಕೆಲಸ ಫಲ ಕೊಡುವುದೇ ಮೂರನೆಯ ವರ್ಷದಲ್ಲಿ. ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುತ್ತ ತಾನು ಗಟ್ಟಿಯಾಗುವುದೂ ಆಗಲೇ. ಅಲ್ಲಿಯವರೆಗೆ ಬಿಡುವ ಮನಸ್ಸಿಲ್ಲದಿದ್ದರೆ ಅಷ್ಟೊಂದು ಶುಲ್ಕ ಕಟ್ಟಬೇಡಿ. ಮನೆಗೆ ಹತ್ತಿರದ ಒಳ್ಳೆಯ ಶಿಶುವಿಹಾರವೇ ಸಾಕು.